ಮುದ್ದೆಗೂ ಪಂಕ್ತಿಗೂ ನಡುವಿನ ದೂರ

ಕ್ಯಾಲೆಂಡರಿನ ಹಾಳೆಯೊಂದರ ಹಿಂಬದಿಯಲ್ಲಿ ನಾನು ಸ್ಕೇಲಿಟ್ಟು ಗೆರೆ ಎಳೆದು ಬರೆದ ಒಂದು ಪಟ್ಟಿ ಈಗಲೂ ನನ್ನ ಬೀರುವಿನಲ್ಲಿದೆ. ಮೇಲೊಂದು ಚೌಕ, ಅದರೊಳಗೆ ನನ್ನ ತಮ್ಮ. ಅದರ ಕೆಳಗೆ ಎರಡು ಚೌಕ, ಅವುಗಳ ಕೆಳಗೆ ಇನ್ನಷ್ಟು. ಯಾರು ಯಾರ ಮಾತು ಕೇಳಬೇಕು, ಯಾರು ಯಾರಿಗೆ ಹೇಳಬೇಕು ಎಂಬುದಕ್ಕೆಲ್ಲ ಬಾಣದ ಗುರುತು. ಹಾಳೆಯ ಎಡ ಮೂಲೆಯಿಂದ ಬಲಕ್ಕೆ ರಾಗಿ ಹಿಟ್ಟಿನ ಬೆರಳು ಎಳೆದ ಒಂದು ಮಾಸಲು ಗುರುತೂ ಇದೆ. ಅದು ನನ್ನ ಬೆರಳಲ್ಲ.

ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಕೊನೆಯ ಹತ್ತು ವರ್ಷ ಒಂದು ವಾರ್ಡಿನ ಉಸ್ತುವಾರಿ ನನ್ನದೇ. ಬೆಳಿಗ್ಗೆ ಐದಕ್ಕೆ ಏಳುವುದು, ಹಾಸಿಗೆಯ ಹೊದಿಕೆಯ ನಾಲ್ಕೂ ಮೂಲೆ ಒಂದೇ ಸಮ ಮಡಚುವುದು, ಪಾಳಿ ಮುಗಿಯುವ ಮುನ್ನ ಪ್ರತಿ ರೋಗಿಯ ಸ್ಥಿತಿಯನ್ನು ಮುಂದಿನವಳಿಗೆ ಹೇಳಿ, ಬರೆಸಿ, ಸಹಿ ಹಾಕಿಸುವುದು. ನಿವೃತ್ತಿಯಾದ ಮೇಲೂ ಈ ಅಭ್ಯಾಸ ಹೋಗಲಿಲ್ಲ. ಹಾಸನದ ನನ್ನ ಮನೆಯಲ್ಲಿ ಸಾಸಿವೆ ಡಬ್ಬಿ ಕೂಡ ತನ್ನ ಜಾಗ ಬಿಟ್ಟು ಕದಲುವುದಿಲ್ಲ.

ನನ್ನ ತಮ್ಮನದು ಹೊಳೆನರಸೀಪುರದಲ್ಲಿ ಅಡುಗೆ ಕಂಟ್ರಾಕ್ಟು. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲವನ್ನೂ ಹಿಡಿಯುತ್ತಾನೆ. ಆದರೆ ಅವನ ಹೆಸರು ನಿಂತಿರುವುದು ಬೀಗರೂಟದ ಮೇಲೆ. ಮದುವೆ ಮುಗಿದ ನಾಲ್ಕಾರು ದಿನಕ್ಕೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಕೂರಿಸಿ ಮಾಂಸದೂಟ ಹಾಕುತ್ತಾರಲ್ಲ, ಅದು. ನಮ್ಮ ಕಡೆ ಮದುವೆಯ ಊಟವನ್ನು ಜನ ಮರೆತಾರು, ಬೀಗರೂಟವನ್ನು ಮರೆಯುವುದಿಲ್ಲ. ಸಾರು ಹೇಗಿತ್ತು, ಮುದ್ದೆ ಬಿಸಿಯಿತ್ತೋ ಇಲ್ಲವೋ ಎಂಬುದನ್ನು ಮೊಮ್ಮಕ್ಕಳ ಕಾಲಕ್ಕೂ ಹೇಳುತ್ತಾರೆ.

ಮೊದಲು ಅವನು ಒಂದು ದಿನಕ್ಕೆ ಒಂದೇ ಕೆಲಸ ಹಿಡಿಯುತ್ತಿದ್ದ. ಆಮೇಲೆ ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಕಡೆಯಿಂದ ಕರೆ ಬರತೊಡಗಿ, ಒಂದೇ ಭಾನುವಾರ ಎರಡು ಊರಿನಲ್ಲಿ ಒಲೆ ಹಚ್ಚುವಂತಾಯಿತು. ಅಲ್ಲಿಂದ ಶುರುವಾಯಿತು ಗಲಿಬಿಲಿ. ಚನ್ನರಾಯಪಟ್ಟಣಕ್ಕೆ ಹೋಗಬೇಕಿದ್ದ ಮಸಾಲೆ ಅರಕಲಗೂಡಿಗೆ ಹೋಯಿತು. ಅರಕಲಗೂಡಿಗೆ ಹೋಗಬೇಕಿದ್ದ ಬಾಳೆಎಲೆ ವ್ಯಾನಿನೊಳಗೇ ಬಾಡಿತು. ಸೌಟು ಸಿಗದಿದ್ದರೂ ತಮ್ಮನಿಗೇ ಫೋನು, ಗ್ಯಾಸ್ ಮುಗಿದರೂ ತಮ್ಮನಿಗೇ ಫೋನು. ಒಂದು ದಿನ ನನ್ನ ಮನೆಗೆ ಬಂದವನು ಕಾಫಿ ಲೋಟ ಹಿಡಿದು ಕೂತು ಹೇಳಿದ:

"ಅಕ್ಕಾ, ನಮ್ಮೋರೆಲ್ಲ ಕೆಲ್ಸ್‌ಗಾರ್ರೇ ಕಣಕ್ಕಾ. ಆದ್ರೆ ಒಬ್ನೂ ಇನ್ನೊಬ್ನ ಮಾತು ಕೇಳಲ್ಲ. ನೀನು ಒಂದ್ ವಾರ್ಡನ್ನೇ ಆಳ್ದೋಳು. ಇವ್ರನ್ನ ಒಂದ್ ಲೈನಿಗೆ ತಂದ್ಬುಡು."

ನನಗೆ ಅದು ಕೇಳಿಯೇ ಉತ್ಸಾಹ ಬಂತು ಎಂದು ಒಪ್ಪಿಕೊಳ್ಳುತ್ತೇನೆ. ಮರುದಿನವೇ ಅವನ ಗೋದಾಮಿಗೆ ಹೋದೆ. ಪಾತ್ರೆಗಳಿಗೆ ನಂಬರು ಬರೆಸಿದೆ. ಸಾಮಾನು ಹೊರಡುವಾಗ ಒಂದು ಪಟ್ಟಿ, ಬರುವಾಗ ಅದೇ ಪಟ್ಟಿ. ವ್ಯಾನಿಗೆ ಏರಿಸುವವನೇ ಇಳಿಸಬೇಕು, ಇಳಿಸಿದವನೇ ಸಹಿ ಹಾಕಬೇಕು. ಇದಾದ ಮೇಲೆ ಆ ಚೌಕಗಳ ಪಟ್ಟಿ ಬರೆದೆ. ತಮ್ಮನ ಕೆಳಗೆ ಇಬ್ಬರು: ಅಡುಗೆಯ ಉಸ್ತುವಾರಿಗೆ ತಮ್ಮನ ಭಾಮೈದ, ಬಡಿಸುವ ಉಸ್ತುವಾರಿಗೆ ಹದಿನೈದು ವರ್ಷದಿಂದ ಬಡಿಸುವವರ ಮುಂದಾಳಾಗಿದ್ದವನು. ಭಾಮೈದ ಚನ್ನರಾಯಪಟ್ಟಣದ ತೆಂಗಿನ ನಾರಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದವನು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ನನಗೆ ತುಂಬ ಹಿಡಿಸಿದ.

ಮುಂದಾಳು ಬೇರೆಯೇ ಬಗೆಯ ಮನುಷ್ಯ. ಪಂಕ್ತಿಯ ಮಧ್ಯೆ ಬರಿಗಾಲಲ್ಲಿ ಓಡಾಡುತ್ತ, ಸೊಂಟಕ್ಕೆ ಟವೆಲು ಬಿಗಿದು, ಪರದೆ ಕಟ್ಟಿದ ಅಡುಗೆಮನೆಯತ್ತ ಮುಖ ಮಾಡಿ ಕೂಗುತ್ತಿದ್ದ. "ಅಕ್ಕೋವ್! ಇಟ್ಟು ಮೂವತ್ತು!" ನಮ್ಮ ಕಡೆ ಮುದ್ದೆಗೆ ಹಿಟ್ಟೆಂದೇ ಹೆಸರು. ಆ ಕೂಗು ಬೀದಿಯ ಕೊನೆಗೆ ಕೇಳಿಸುತ್ತಿತ್ತು. ಒಳಗಿನಿಂದ "ಬತ್ತಾ ಅದೆ!" ಎಂದು ಒಂದು ಹೆಣ್ಣುದನಿ.

ಆ ದನಿ ಮುದ್ದೆ ಮಾಡುವಾಕೆಯದು. ಅರಕಲಗೂಡಿನ ಹತ್ತಿರದ ಹಳ್ಳಿಯವಳು, ಐವತ್ತು ದಾಟಿದಾಕೆ. ಇಬ್ಬರು ಗಂಡಸರು ಕೋಲು ಹಿಡಿದು ತೊಳಸುತ್ತಿದ್ದರೂ ಎಸರಿಗೆ ಹಿಟ್ಟು ಬಿಡುವುದು ಆಕೆಯೇ, ಇಳಿಸಿ ಎನ್ನುವುದೂ ಆಕೆಯೇ. ಅವಳ ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿತು ಎಂದವರಿಲ್ಲ. ತಮ್ಮನನ್ನು ಕರೆಯಲು ಬಂದವರು ಮೊದಲು ಕೇಳುತ್ತಿದ್ದುದು, "ಆವಮ್ಮ ಬತ್ತಳಾ?" ಎಂದೇ.

ಅವಳನ್ನು ನಾನು ಪಟ್ಟಿಯ ಕೆಳಗಿನ ಎಡ ಮೂಲೆಯಲ್ಲಿ, ಭಾಮೈದನ ಕೆಳಗೆ ಬರೆದೆ. ಬಡಿಸುವವರು ಬಲಗಡೆ, ಮುಂದಾಳಿನ ಕೆಳಗೆ. ಮುಂದಾಳಿಗೆ ಒಂದು ಬಿಳಿ ಅಂಗಿ ಹೊಲಿಸಿಕೊಟ್ಟು, ಇನ್ನು ಮುಂದೆ ಕೂಗಬಾರದು ಎಂದೆ. ಬೀಗರು ಕೂತಿರುವ ಕಡೆ ಅಷ್ಟು ಗದ್ದಲ ಚೆನ್ನಾಗಿರುವುದಿಲ್ಲ ಎಂಬುದು ನನ್ನ ತೀರ್ಮಾನ.

"ಕೂಗ್ದೆ ಇದ್ರೆ ಇಟ್ಟು ಬತ್ತದಾ ಸಿಸ್ಟ್ರಮ್ಮಾ?" ಎಂದ.

"ಫೋನ್ ಮಾಡಪ್ಪ."

"ಅವ್ಳು ಪರದೆ ಇಂದ್ಗಡೆನೇ ಅವ್ಳೆ. ಅವ್ಳಿಗೆ ಪೋನ್ ಮಾಡ್ಲಾ?"

"ಅವಳಿಗಲ್ಲ. ಅಡುಗೆ ಉಸ್ತುವಾರಿಗೆ ಮಾಡು. ಅವರು ಅವಳಿಗೆ ಹೇಳ್ತಾರೆ."

ಅವನು ಪಾತ್ರೆ ತೊಳೆಯುತ್ತಿದ್ದವರ ಕಡೆ ತಿರುಗಿದ. "ಕೇಳುದ್ರೇನ್ರಲಾ? ನಾಳೆಯಿಂದ ನನ್ನೆಂಡ್ರು ತಾವ ಉಪ್ಪು ಈಸ್ಕಬೇಕಾದ್ರೂ ನಮ್ಮತ್ತೆ ಕೈಲೇ ಏಳಿಸ್ಬೇಕು ಕಣ್ರಲಾ!" ಎಲ್ಲರೂ ನಕ್ಕರು. ಮುದ್ದೆಯಾಕೆ ಮಾತ್ರ ನಗಲಿಲ್ಲ. "ಆಗ್ಲಿ ಬುಡಿ," ಎಂದಳು ಅಷ್ಟೇ.

ಇನ್ನೊಂದು ಏರ್ಪಾಡನ್ನೂ ಮಾಡಿದ್ದೆ. ಮುದ್ದೆಗೊಂದು ವೇಳಾಪಟ್ಟಿ. ಹನ್ನೆರಡೂವರೆಗೆ ಒಂದು ಹಂಡೆ, ಒಂದು ಗಂಟೆಗೆ ಇನ್ನೊಂದು, ಒಂದೂವರೆಗೆ ಮತ್ತೊಂದು. ಕಟ್ಟಿದ ಮುದ್ದೆಗಳು ಬಿಸಿ ಆರದ ಡಬ್ಬದಲ್ಲಿ, ಡಬ್ಬ ಖಾಲಿಯಾಗದೆ ಮುಂದಿನ ಹಂಡೆಗೆ ಹಿಟ್ಟು ಬಿಡುವ ಹಾಗಿಲ್ಲ. ವಾರ್ಡಿನಲ್ಲಿ ಔಷಧಿ ಹೀಗೆಯೇ ಹೋಗುತ್ತಿತ್ತು, ಎಂದೂ ತಪ್ಪುತ್ತಿರಲಿಲ್ಲ.

ಮೊದಲ ಎರಡು ಮೂರು ಕೆಲಸಗಳು ಸಸ್ಯಾಹಾರದ ಸಣ್ಣ ಊಟಗಳು. ಅದ್ಭುತವಾಗಿ ನಡೆದವು. ಒಂದು ಸೌಟೂ ಕಳೆಯಲಿಲ್ಲ. ತಮ್ಮ ಒಂದು ದಿನ ಮಧ್ಯಾಹ್ನ ಫೋನ್ ಮಾಡಿ, "ಅಕ್ಕಾ, ಇವತ್ತು ಒಂದು ಪೋನೂ ಬಂದಿಲ್ಲ ಕಣೇ, ಏನೋ ಆಗೋಗದೆ ಅನ್ನುಸ್ತಾ ಅದೆ," ಎಂದು ನಕ್ಕ. ನಾನು ಮನಸ್ಸಿನಲ್ಲೇ ಬೀಗಿದೆ.

ಆಮೇಲೆ ಬಂತು ಹೊಳೆನರಸೀಪುರದ ಬೀಗರೂಟ. ಸಮುದಾಯ ಭವನ ತುಂಬುವಷ್ಟು ಜನ. ಗಂಡಿನ ಕಡೆಯವರು ಹನ್ನೆರಡಕ್ಕೆ ಬರುತ್ತೇವೆ ಎಂದಿದ್ದರು. ಬೀಗರು ಹೇಳಿದ ಹೊತ್ತಿಗೆ ಬರುವುದಿಲ್ಲ ಎಂಬುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು, ನನ್ನ ವೇಳಾಪಟ್ಟಿಗೆ ಮಾತ್ರ ಗೊತ್ತಿರಲಿಲ್ಲ. ನಾನು ಕೈ ತೊಳೆಯುವ ಕೊಳಾಯಿಯ ಹತ್ತಿರ ವಾಚು ನೋಡಿಕೊಂಡು ನಿಂತಿದ್ದೆ. ಹನ್ನೆರಡೂವರೆಗೆ ಸರಿಯಾಗಿ ಮೊದಲ ಹಂಡೆಯ ಮುದ್ದೆ ಡಬ್ಬ ಸೇರಿತು. ಪಂಕ್ತಿಯಲ್ಲಿ ಹೆಣ್ಣಿನ ಕಡೆಯ ಹತ್ತಿಪ್ಪತ್ತು ಜನ ಬಿಟ್ಟರೆ ಯಾರೂ ಇಲ್ಲ. ಒಂದು ಗಂಟೆಗೆ ಎಸರು ಕುದಿಯುತ್ತಿದ್ದಾಗ ಭಾಮೈದ, ಡಬ್ಬದಲ್ಲಿ ಮುದ್ದೆ ಉಳಿದಿರುವಾಗ ಇನ್ನೊಂದು ಹಂಡೆ ಬೇಡ, ಒಂದೂವರೆಗೆ ನೋಡೋಣ ಎಂದನಂತೆ. ಅದೂ ನನ್ನ ಪಟ್ಟಿಯಲ್ಲಿದ್ದ ಲೆಕ್ಕವೇ.

ಒಂದು ಹತ್ತಕ್ಕೆ ಎರಡು ಬಸ್ಸಿನ ತುಂಬ ಬೀಗರು ಬಂದಿಳಿದರು. ಬಿಸಿಲಲ್ಲಿ ಬಂದವರು, ಹಸಿದವರು. ಎರಡು ಪಂಕ್ತಿ ಒಂದೇ ಏಟಿಗೆ ಕೂತಿತು. ಡಬ್ಬ ತೆಗೆದರೆ ಮುದ್ದೆಗಳ ಮೇಲೆ ಒಣ ಹಕ್ಕಳೆ ಕಟ್ಟಿ ಬಿರುಕು ಬಿಟ್ಟಿದೆ. ಅವು ಅರ್ಧ ಪಂಕ್ತಿಗೂ ಆಗಲಿಲ್ಲ. ಮುಂದಾಳು ಭಾಮೈದನಿಗೆ ಫೋನ್ ಮಾಡಿದ. ಭಾಮೈದ ಆಗ ಭವನದ ಹಿಂದೆ ನೀರಿನ ಟ್ಯಾಂಕರಿನವನ ಜೊತೆ ಮಾತಿನಲ್ಲಿದ್ದ. ಅವನ ಫೋನೂ ಖಾಲಿಯಿರಲಿಲ್ಲ, ಅದೇ ನೀರಿನ ವಿಷಯಕ್ಕೆ ಹೊರಗೆ ಹೋಗಿದ್ದ ನನ್ನ ತಮ್ಮ ಫೋನ್ ಮಾಡಿದ್ದ. ಮುಂದಾಳು ಮತ್ತೆ ಮಾಡಿದ, ಮತ್ತೆ ಮಾಡಿದ. ಬಿಳಿ ಅಂಗಿ ತೊಟ್ಟು ಕಿವಿಗೆ ಫೋನ್ ಒತ್ತಿಕೊಂಡು, ಬಾಯಿ ತೆರೆದು, ನನ್ನ ಕಡೆ ನೋಡಿ, ಮುಚ್ಚಿಕೊಂಡ. ಆ ಒಂದು ನೋಟ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಪರದೆಯ ಹಿಂದೆ, ಹತ್ತು ಹೆಜ್ಜೆಯಾಚೆ, ಮುದ್ದೆಯಾಕೆ ಕುದಿಯುವ ಎಸರಿನ ಮುಂದೆ ಹಿಟ್ಟಿನ ಮೊರ ಹಿಡಿದು ನಿಂತಿದ್ದಳು. ಬಿಡು ಎಂದು ಯಾರೂ ಹೇಳಿರಲಿಲ್ಲ, ಅದಕ್ಕೆ ಹಿಟ್ಟು ಬಿಟ್ಟಿರಲಿಲ್ಲ.

ಎಲೆಗಳ ಮೇಲೆ ಸಾರು ಹರಿಯುತ್ತಿತ್ತು, ಈರುಳ್ಳಿ, ನಿಂಬೆಹೋಳು ಎಲ್ಲ ಇತ್ತು. ಮುದ್ದೆ ಮಾತ್ರ ಇಲ್ಲ. ಗಂಡಿನ ಸೋದರಮಾವ ಎಂದು ಆಮೇಲೆ ತಿಳಿಯಿತು, ದಪ್ಪ ಮೀಸೆಯ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ, "ಏನ್ರಯ್ಯಾ, ಬೀಗ್ರೂಟಕ್ಕೆ ಅಂತ ಕರ್ದು ಸಾರು ಕುಡ್ಸಿ ಕಳುಸ್ತೀರಾ?" ಎಂದು ಎಲೆ ಮಡಚಿದರು. ಅವರ ಹಿಂದೆ ಅವರ ಸಾಲು ಎದ್ದಿತು. ಹೆಣ್ಣಿನ ತಂದೆ ಅವರ ಕೈ ಹಿಡಿದುಕೊಂಡು ಬೇಡುತ್ತಿದ್ದುದನ್ನು ನಾನು ನೋಡಿದೆ.

ತಮ್ಮ ಓಡಿಬಂದವನು ನೇರವಾಗಿ ಪರದೆಯೊಳಗೆ ನುಗ್ಗಿ ಎಲ್ಲರ ಮುಂದೆ ಕೂಗಿದ: "ಏನಮ್ಮೀ ಮಾಡ್ತಿದ್ದೆ ಇಷ್ಟೊತ್ತು? ಕೈ ಕಟ್ಕಂಡು ನಿಂತಿದ್ದೀಯಲ್ಲ!"

ಆಕೆ ಉತ್ತರ ಕೊಡಲಿಲ್ಲ. ಆ ಹಂಡೆಗೆ ಹಿಟ್ಟು ಬಿಟ್ಟಳು, ತೊಳಸಿಸಿದಳು, ಉಳಿದ ಪಂಕ್ತಿಗೆ ಮುದ್ದೆ ಕಟ್ಟಿಕೊಟ್ಟಳು. ಆಮೇಲೆ ಕೈ ತೊಳೆದು, ತನ್ನ ಬಟ್ಟೆಯ ಚೀಲ ತೆಗೆದುಕೊಂಡು, ವ್ಯಾನಿಗೂ ಕಾಯದೆ ಬಸ್‌ಸ್ಟ್ಯಾಂಡಿಗೆ ನಡೆದುಹೋದಳು.

ಹತ್ತು ದಿನಕ್ಕೆ ಅರಕಲಗೂಡಿನಲ್ಲೇ ಒಂದು ಬೀಗರೂಟವಿತ್ತು. ಆ ಮನೆಯವರು ಒಪ್ಪಿದ್ದೇ ಆಕೆ ಬರುತ್ತಾಳೆಂದು. ಆಕೆ ಬರದಿದ್ದರೆ ಆ ಕೆಲಸ ಹೋಗುತ್ತದೆ, ಹೊಳೆನರಸೀಪುರದ ಸುದ್ದಿಯ ಜೊತೆ ಅದೂ ಸೇರಿದರೆ ಈ ಸೀಸನ್ನಿನ ಬೀಗರೂಟಗಳೆಲ್ಲ ಹೋಗುತ್ತವೆ. ತಮ್ಮ ಎರಡು ದಿನ ಊಟ ಮಾಡಲಿಲ್ಲ. ಕೊನೆಗೆ, "ನೀನೇ ಓಗಿ ಕರ್ಕಂಡ್ ಬಾರಕ್ಕಾ. ನಾನೋದ್ರೆ ಬಾಗ್ಲು ತೆಗ್ಯಲ್ಲ," ಎಂದ.

ಆಧಾರ್ ಕಾರ್ಡ್ ತೋರಿಸಿ ಅರಕಲಗೂಡಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಪಟ್ಟಿ ನಾಲ್ಕಾಗಿ ಮಡಚಿ ಕೈಚೀಲದಲ್ಲಿತ್ತು. ದಾರಿಯುದ್ದಕ್ಕೂ ನನ್ನೊಳಗೆ ನಾನು ವಾದ ಮಾಡುತ್ತಿದ್ದೆ. ಪಾತ್ರೆ ಕಳೆಯುವುದು ನಿಂತಿತಲ್ಲ? ಎರಡು ಊರಿನ ಕೆಲಸ ಒಂದೇ ದಿನ ಸರಾಗವಾಯಿತಲ್ಲ? ತಪ್ಪಿದ್ದು ಒಂದು ಕಡೆ ಮಾತ್ರ. ಭಾಮೈದ ಫೋನ್ ಎತ್ತಿದ್ದರೆ ಅದೂ ತಪ್ಪುತ್ತಿರಲಿಲ್ಲ.

ಹೀಗೆ ವಾದ ಮಾಡುತ್ತಿರುವಾಗಲೇ ಬಹಳ ವರ್ಷದ ಹಿಂದಿನ ಒಬ್ಬ ಆಯಾ ನೆನಪಾದಳು. ನಮ್ಮ ವಾರ್ಡಿನಲ್ಲಿ ಆಯಾ ನರ್ಸಿಗೆ ಹೇಳಬೇಕು, ನರ್ಸ್ ನನಗೆ, ನಾನು ಡಾಕ್ಟರಿಗೆ. ಒಂದು ಮಧ್ಯಾಹ್ನ ಆಕೆ ಕಸಬರಿಗೆ ಎಸೆದು ನೇರವಾಗಿ ಡಾಕ್ಟರ ಕೋಣೆಗೆ ಓಡಿದಳು. ಬಾಣಂತಿಯೊಬ್ಬಳ ತುಟಿಯ ಬಣ್ಣ ಬದಲಾದದ್ದು ಅವಳ ಕಣ್ಣಿಗೆ ಬಿದ್ದಿತ್ತು. ಬಾಣಂತಿ ಉಳಿದಳು. ಸಂಜೆ ನಾನು ಆ ಆಯಾಳನ್ನು ಕರೆದು, ನನ್ನನ್ನು ದಾಟಿ ಹೋದದ್ದಕ್ಕೆ ಬೈದೆ. ಆಗ ಅವಳೂ ಉತ್ತರ ಕೊಟ್ಟಿರಲಿಲ್ಲ. ಬೈದದ್ದು ಸರಿ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಬಸ್ಸಿನಲ್ಲಿ ಕೂತು ಮೊದಲ ಸಲ ಆ ನಂಬಿಕೆ ಅಲುಗಾಡಿತು.

ಮುದ್ದೆಯಾಕೆ ಜಗಲಿಯ ಮೇಲೆ ಕೂತು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಎದ್ದು ನಿಂತಳು, ಚಾಪೆ ಹಾಸಿದಳು, ಮಜ್ಜಿಗೆ ತಂದಿಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ಚನ್ರಾಯ್‌ಪಟ್ಣದ ಕಂಟ್ರಾಕ್ಟ್ರು ಕರೀತಾವ್ರೆ ಸಿಸ್ಟ್ರಮ್ಮಾ," ಎಂದಳು ನಾನು ಕೇಳುವ ಮೊದಲೇ. "ಒಪ್ಕಂಡಿಲ್ಲ. ಒಲ್ಲೆ ಅಂತಾನೂ ಅಂದಿಲ್ಲ."

"ತಪ್ಪು ನಿಂದಲ್ಲ ಕಣಮ್ಮ, ನಂದು," ಎಂದೆ.

"ಆ ಕಾಗ್ದ ತಂದಿದ್ದೀರಾ?"

ತೆಗೆದು ಹಾಸಿದೆ.

"ಕನ್ನಡ್ಕ ಒಳಗದೆ. ನನ್ನ ಎಲ್ ಬರ್ದಿದ್ದೀರಿ, ತೋರ್ಸಿ."

ಎಡ ಮೂಲೆಯನ್ನು ತೋರಿಸಿದೆ. ಅವಳು ಅಲ್ಲಿ ಬೆರಳಿಟ್ಟಳು.

"ಬಡ್ಸೋರು?"

ಬಲ ಮೂಲೆಯನ್ನು ತೋರಿಸಿದೆ.

"ಅಂಗಾರೆ ಅವ್ನಿಗೆ ಇಟ್ಟು ಬೇಕು ಅಂದ್ರೆ ನಂಗೆ ಎಂಗೆ ಗೊತ್ತಾಗ್ಬೇಕು?"

ನಾನು ಬಾಣಗಳ ಮೇಲೆ ಬೆರಳು ಓಡಿಸಿ ತೋರಿಸಿದೆ. ಬಲದಿಂದ ಮೇಲಕ್ಕೆ ಮುಂದಾಳಿಗೆ, ಅಲ್ಲಿಂದ ಅಡ್ಡಕ್ಕೆ ಭಾಮೈದನಿಗೆ, ಅಲ್ಲಿಂದ ಕೆಳಕ್ಕೆ ಅವಳಿಗೆ. ತೋರಿಸುತ್ತ ತೋರಿಸುತ್ತ ನನ್ನ ಬೆರಳಿಗೇ ನಾಚಿಕೆಯಾದಂತಾಯಿತು. ಅವಳು ತನ್ನ ಹಿಟ್ಟು ಮೆತ್ತಿದ ಬೆರಳನ್ನು ಎಡ ಮೂಲೆಯಿಂದ ಬಲ ಮೂಲೆಗೆ ಒಂದೇ ಸಲಕ್ಕೆ ಎಳೆದಳು.

"ಇಷ್ಟು ದೂರ ಬರ್ದಿದ್ದೀರಿ ನಮ್ಮಿಬ್ರುನ್ನ. ಅಲ್ಲಿ ನಮ್ಮ ಮಧ್ಯ ಇರಾದು ಒಂದ್ ಪರದೆ ಅಷ್ಟೆಯಾ."

ಮತ್ತೆ ಜರಡಿ ಕೈಗೆತ್ತಿಕೊಂಡಳು. ಆಡಿಸುತ್ತಲೇ ಮಾತು ಮುಂದುವರಿಸಿದಳು.

"ನಾನು ಅವ್ನು ಏಳೋ ಲೆಕ್ಕ ಕೇಳಲ್ಲ ಸಿಸ್ಟ್ರಮ್ಮಾ, ಗಂಟ್ಲು ಕೇಳ್ತೀನಿ. ಮೂವತ್ತು ಅಂತ ನಿಧಾನ್ವಾಗಿ ಅಂದ್ರೆ ಮರ್ಯಾದೆಗ್ ಕೂತಿರೋರು, ಒಂದೊಂದು ಉಂಡು ಏಳ್ತರೆ. ಅದೇ ಮೂವತ್ತನ್ನ ಗಂಟ್ಲು ಅರ್‍ಕಂಡು ಕೂಗುದ್ರೆ ಅಸ್ದು ಬಂದೋರು. ಆಗ ಅರ್ವತ್ಗೆ ಇಟ್ಟು ಬುಡ್ತೀನಿ. ಪೋನಾಗೆ ಬರೀ ಲೆಕ್ಕ ಬತ್ತದೆ."

ಮೂವತ್ತನಾಲ್ಕು ವರ್ಷ ಶಬ್ದವಾಗದ ಹಾಗೆ ನಡೆಯುವುದನ್ನು ಕಲಿತ, ಕಲಿಸಿದ ನನಗೆ, ಆ ಕೂಗು ಗದ್ದಲ ಎಂದಷ್ಟೇ ಕೇಳಿಸಿತ್ತು. ಅದರೊಳಗೆ ಒಂದು ಇಡೀ ವಾರ್ಡಿನ ಚಾರ್ಟು ಇತ್ತು. ಯಾರಿಗೆ ಏನು ಬೇಕು, ಎಷ್ಟು ಬೇಗ ಬೇಕು ಎಂಬುದೆಲ್ಲ ಆ ಒಂದು ಗಂಟಲಲ್ಲಿ ಬರೆದಿತ್ತು. ನಾನು ಅದನ್ನು ತೆಗೆದು ಅದರ ಜಾಗದಲ್ಲಿ ಬಾಣ ಬರೆದಿದ್ದೆ.

"ನಾನು ಎಷ್ಟು ಪಂಕ್ತಿ ನೋಡಿದ್ದೀನಿ, ಇದು ಗೊತ್ತಾಗ್ಲೇ ಇಲ್ಲ," ಎಂದೆ.

"ನೀವು ನಿಂತ್ಕಂಡು ನೋಡಿದ್ದೀರಿ." ಮೊದಲ ಸಲ ಅವಳ ಮುಖದಲ್ಲಿ ಸ್ವಲ್ಪ ನಗೆ ಕಂಡಿತು. "ಒಂದ್ ಸಲ ಕೂತ್ಕಂಡು ಉಣ್ಣಿ."

"ಬರ್ತೀಯಾ ಹಾಗಾದ್ರೆ?"

ಜರಡಿ ನಿಲ್ಲಿಸಿದಳು. "ನಿಮ್ ತಮ್ಮ ಎಲ್ರೆದುರ್ಗೆ ಬೈದ್ರು. ಎಲ್ರೆದುರ್ಗೇ ಕರೀಲಿ. ಆಗ ನೋಡನ."

ಅರಕಲಗೂಡಿನ ಬೀಗರೂಟದ ದಿನ ನಾನು ಬೆಳಿಗ್ಗೆಯೇ ಅಲ್ಲಿಗೆ ಹೋದೆ. ವ್ಯಾನಿನಿಂದ ಪಾತ್ರೆ ಇಳಿಯುತ್ತಿತ್ತು, ನಂಬರಿನ ಪ್ರಕಾರ, ಸಹಿ ಸಮೇತ. ಅದನ್ನು ಯಾರೂ ಬಿಡಲಿಲ್ಲ, ನಾನೂ ಬಿಡಿಸಲಿಲ್ಲ. ಸಾಮಾನಿಗೆ ಅಂಥ ಗೆರೆ ಬೇಕು. ವೇಳಾಪಟ್ಟಿಯನ್ನು ಮಾತ್ರ ಭಾಮೈದನ ಜೇಬಿನಿಂದ ನಾನೇ ತೆಗೆದುಕೊಂಡೆ. ಅವನಿಗೆ ಸ್ವಲ್ಪ ಬೇಸರವಾಯಿತು ಎನ್ನಿಸುತ್ತದೆ. ಪಾಪ, ಅವನು ನಾನು ಬರೆದದ್ದನ್ನೇ ಅಲ್ಲವೆ ಮಾಡಿದ್ದು. ಗ್ಯಾಸು, ನೀರು, ಸೌದೆ ನಿನ್ನ ಕೈಯಲ್ಲಿರಲಿ, ಅದರಲ್ಲಿ ನಿನ್ನಷ್ಟು ಅಚ್ಚುಕಟ್ಟು ಯಾರೂ ಇಲ್ಲ ಎಂದೆ. ಅದು ಸುಳ್ಳೂ ಅಲ್ಲ.

ಎಂಟೂವರೆಗೆ ಬಟ್ಟೆಯ ಚೀಲ ಹಿಡಿದು ಆಕೆ ಗೇಟಿನ ಹತ್ತಿರ ಬಂದು ನಿಂತಳು. ಒಳಗೆ ಬರಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದವರು, ಮಾಂಸ ತೊಳೆಯುತ್ತಿದ್ದವರು, ಎಲ್ಲರೂ ಕೈ ನಿಲ್ಲಿಸಿದರು. ತಮ್ಮ ಅಂಗಳ ದಾಟಿ ಗೇಟಿಗೆ ಹೋದ. ಆಕೆಯ ಮಾತನ್ನು ಅವನಿಗೆ ಮುಟ್ಟಿಸಿದ್ದೆ, ಆದರೆ ಅವನು ಸುಲಭಕ್ಕೆ ತಪ್ಪೊಪ್ಪಿಕೊಳ್ಳುವವನಲ್ಲ.

"ಬಾರಮ್ಮಯ್ಯಾ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಅವತ್ತು ನಿಂದೇನೂ ತಪ್ಪಿರ್ನಿಲ್ಲ. ನಾನು ದುಡುಕ್ಬುಟ್ಟೆ."

ಆಕೆ ಒಳಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಕಡೆ ನೋಡಿ, "ಅಂಡೆ ತೊಳ್ದವ್ರಾ ಸರ್ಯಾಗಿ?" ಎಂದಳು. ಈರುಳ್ಳಿ ಹೆಚ್ಚುವ ಸದ್ದು ಮತ್ತೆ ಶುರುವಾಯಿತು.

ಬೀಗರು ಎಂದಿನಂತೆ ತಡವಾಗಿಯೇ ಬಂದರು. ಎರಡನೆಯ ಪಂಕ್ತಿಯಲ್ಲಿ ನಾನೂ ಕೂತೆ. ಇಷ್ಟು ವರ್ಷದಲ್ಲಿ ತಮ್ಮನ ಕೆಲಸದ ಕಡೆ ನಾನು ಎಲೆಯ ಮುಂದೆ ಕೂತದ್ದು ಅದೇ ಮೊದಲು. ಎಲೆಗೆ ಉಪ್ಪು ಬಂತು, ಈರುಳ್ಳಿ ಬಂತು, ಸಾರು ಬಂತು. ಪಕ್ಕದವರು ಸಾರಿಗೆ ಕೈಯಿಟ್ಟು ಕಾಯುತ್ತಿದ್ದರು. ಕೂತು ಕಾಯುವಾಗ ಒಂದು ನಿಮಿಷ ಎಷ್ಟು ದೊಡ್ಡದು ಎಂಬುದು ನಿಂತವರಿಗೆ ತಿಳಿಯುವುದಿಲ್ಲ.

"ಅಕ್ಕೋವ್! ಇಟ್ಟು ನಲ್ವತ್ತು!"

ಮುಂದಾಳಿನ ಕೂಗು ನನ್ನ ತಲೆಯ ಮೇಲೇ ಹಾದುಹೋಯಿತು. ಬಿಳಿ ಅಂಗಿ ಎಲ್ಲೋ ಹೋಗಿತ್ತು, ಸೊಂಟದಲ್ಲಿ ಹಳೆಯ ಟವೆಲು. ನಾನು ಲೆಕ್ಕ ಬಿಟ್ಟು ಅವನ ಗಂಟಲು ಕೇಳಿಸಿಕೊಳ್ಳಲು ನೋಡಿದೆ. ಅವಸರವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಪರದೆಯ ಆಚೆಗೆ ತಿಳಿಯಿತು. ಮೊದಲ ಪಂಕ್ತಿಯ ಕೂಗಿಗೇ ಹಿಟ್ಟು ಬಿಟ್ಟಿದ್ದ ಹಂಡೆಯಿಂದ ಮರುಕ್ಷಣಕ್ಕೇ ಹಬೆಯಾಡುವ ಮುದ್ದೆಯ ತಟ್ಟೆಗಳು ಹೊರಬಂದವು, ಅವುಗಳ ಹಿಂದೆಯೇ ಇನ್ನಷ್ಟು.

ನನ್ನ ಎಲೆಗೆ ಬಿದ್ದ ಮುದ್ದೆಯನ್ನು ಮುರಿಯಲು ಹೋಗಿ ಬೆರಳು ಸುಟ್ಟುಕೊಂಡೆ. ಅದು ಮುಗಿಯುತ್ತಿದ್ದಂತೆ ಮುಂದಾಳು ಬಂದು ನಿಂತ. ನಾನು ಯಾವತ್ತೂ ಒಂದಕ್ಕಿಂತ ಹೆಚ್ಚು ಉಂಡವಳಲ್ಲ.

"ಇನ್ನೊಂದು ಆಕ್ಲಾ ಸಿಸ್ಟ್ರಮ್ಮಾ? ಇಲ್ಲ, ಉಸ್ತುವಾರಿಯೋರ್ನ ಕೇಳ್ಕಂಡ್ ಬರ್ಲಾ?"

ಅಕ್ಕಪಕ್ಕದ ಎಲೆಯವರಿಗೆ ವಿಷಯ ಗೊತ್ತಿಲ್ಲದಿದ್ದರೂ ನಕ್ಕರು. ನಾನೂ ನಕ್ಕೆ.

"ಹಾಕಪ್ಪ," ಎಂದೆ.

ಪರದೆಯ ಹಿಂದಿನಿಂದ ಆಕೆಯ ದನಿ ಕೇಳಿತು: "ಸಿಸ್ಟ್ರಮ್ಮ ಉಂಡ್ರೇನ್ಲಾ?"

ಅವನು ಬಗ್ಗಿ ನನ್ನ ಎಲೆಗೆ ಮುದ್ದೆ ಇಡುತ್ತಲೇ, ಆ ಕಡೆಗೆ ಮುಖ ತಿರುಗಿಸಿ ಗಂಟಲು ಬಿಚ್ಚಿ ಕೂಗಿದ: "ಎರಡ್ನೇದು ಕಣಕ್ಕೋವ್!"